ಹದಿನಾಲ್ಕನೇ ಪಾಯಿಂಟಿನ ಬೆಣೆ

ನನ್ನ ಕೈ ನೋಡಿ. ಹತ್ತು ಬೆರಳಿವೆ. ನಮ್ಮ ಸಾಲಿನಲ್ಲಿ ಹನ್ನೊಂದು ಹೆಂಗಸರು. ಮೂವರಿಗೆ ಬೆರಳು ಕಡಿಮೆ. ಒಬ್ಬಳಿಗೆ ತುದಿ ಇಲ್ಲ. ಇನ್ನೊಬ್ಬಳಿಗೆ ಕಿರುಬೆರಳೇ ಇಲ್ಲ. ಮೂರನೆಯವಳು ನನ್ನ ನಾದಿನಿ. ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟು ನಾಲ್ಕೂ ಹೋದವು. ನನ್ನ ಹತ್ತು ಉಳಿದದ್ದು ನನ್ನ ಜಾಣತನದಿಂದಲ್ಲ. ಯಾಕೆ ಉಳಿದವು ಎಂದು ಹೇಳುವುದಕ್ಕೇ ಕೂತಿದ್ದೇನೆ.

ನಾವು ಪಾಯಿಂಟ್ ತೊಳೆಯುವವರು. ರೈಲು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗುವ ಜಾಗಕ್ಕೆ ಪಾಯಿಂಟ್ ಅನ್ನುತ್ತಾರೆ. ಅಲ್ಲಿ ತುದಿ ಚೂಪಾದ ಎರಡು ಹಳಿಗಳಿರುತ್ತವೆ. ನಾಲಿಗೆ ಎಂದು ಅವಕ್ಕೆ ಹೆಸರು. ದೂರದ ಕ್ಯಾಬಿನ್ನಿನಲ್ಲಿ ಒಬ್ಬ ಲಿವರ್ ಎಳೆದರೆ ಇಲ್ಲಿ ನಾಲಿಗೆ ಸರಿದು ದೊಡ್ಡ ಹಳಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಸಿಗ್ನಲ್ ಬೀಳುತ್ತದೆ, ಗಾಡಿ ಹೋಗುತ್ತದೆ. ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಸಿಗ್ನಲ್ ಬೀಳುವುದಿಲ್ಲ, ಗಾಡಿ ನಿಲ್ಲುತ್ತದೆ. ನಾಲಿಗೆ ಸಲೀಸಾಗಿ ಸರಿಯಲಿ ಎಂದು ಕೆಳಗಿನ ಕಬ್ಬಿಣದ ತಟ್ಟೆಗಳಿಗೆ ಗ್ರೀಸ್ ಬಳಿಯಬೇಕು. ಗ್ರೀಸಿಗೆ ಧೂಳು ಹತ್ತುತ್ತದೆ. ಜಲ್ಲಿಯ ಚೂರು ಹತ್ತುತ್ತದೆ. ಗಾಡಿಯ ಪಾಯಿಖಾನೆಯಿಂದ ಬಿದ್ದದ್ದೆಲ್ಲ ಹತ್ತುತ್ತದೆ. ಅದನ್ನು ಕೆರೆದು ತೆಗೆದು ಮತ್ತೆ ಗ್ರೀಸ್ ಬಳಿಯಬೇಕು. ದಿನಾ. ಮೂವತ್ತೆರಡು ಪಾಯಿಂಟ್. ಕೆರೆಯುವ ಕಬ್ಬಿಣ ಒಳಮೂಲೆಗೆ ಹೋಗುವುದಿಲ್ಲ, ಕೈಯೇ ಹೋಗಬೇಕು. ನಾಲಿಗೆಗೂ ಹಳಿಗೂ ನಡುವೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ.

ಇಂಥ ಸಾಮಾನನ್ನು ಯಾವ ಪುಣ್ಯಾತ್ಮ ಮಾಡಿದನೋ ಕಾಣೆ. ಮಾಡಿದವನು ತನ್ನ ಕೈಯನ್ನು ಅದರೊಳಗೆ ಇಟ್ಟು ನೋಡಿರಲಿಕ್ಕಿಲ್ಲ.

ನಮ್ಮ ಮೈಗೆ ಆ ನಾತ ಅಂಟಿದೆ. ಸೋಪು ಸವೆದರೂ ಹೋಗುವುದಿಲ್ಲ. ಮೇಸ್ತ್ರಿ ಹತ್ತು ಹೆಜ್ಜೆ ದೂರ ನಿಂತು ಕೂಗಿ ಕೆಲಸ ಹೇಳುತ್ತಾನೆ. ಪ್ಲಾಟ್‌ಫಾರಮ್ಮಿನ ನಲ್ಲಿಯಲ್ಲಿ ಎಲ್ಲರ ಸರದಿ ಮುಗಿದ ಮೇಲೆ ನಮ್ಮದು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆದರೆ ಬಾಯಿ ತುಂಬ ಯಾರೂ ಕರೆಯುವುದಿಲ್ಲ. ಗ್ರೀಸಮ್ಮ ಅನ್ನುತ್ತಾರೆ. ಹನ್ನೊಂದು ಜನಕ್ಕೂ ಅದೇ ಹೆಸರು. ಒಬ್ಬಳನ್ನು ಕರೆದರೆ ಹನ್ನೊಂದು ತಲೆ ಮೇಲೇಳುತ್ತವೆ. ಮೇಸ್ತ್ರಿಗೆ ಅದನ್ನು ನೋಡಿ ನಗುವುದೊಂದು ಚಟ.

ಮೊದಲು ನಮಗೆ ಬೆಣೆ ಇತ್ತು. ಹಳಿಯ ಕೆಳಗೆ ಅಡ್ಡ ಹಾಸುವ ಹಳೆಯ ಮರದ ಸ್ಲೀಪರಿನಿಂದ ಕೊಯ್ದ ಗೇಣುದ್ದದ ತುಂಡು. ಅದನ್ನು ನಾಲಿಗೆಗೂ ಹಳಿಗೂ ನಡುವೆ ಅಡ್ಡ ಕೊಟ್ಟು ಕೈ ಹಾಕಬೇಕು. ಕ್ಯಾಬಿನ್ನಿನವನು ಮೈಮರೆತು ಲಿವರ್ ಎಳೆದರೂ ನಾಲಿಗೆ ಬೆಣೆಗೆ ಬಡಿದು ನಿಲ್ಲುತ್ತದೆ. ನನ್ನ ಅತ್ತೆ ಈ ಕೆಲಸ ಮಾಡಿದವಳು. ಸಾಯುವಾಗ ಅವಳಿಗೆ ಹಲ್ಲು ಒಂದೂ ಇರಲಿಲ್ಲ, ಬೆರಳು ಹತ್ತೂ ಇದ್ದವು. ಬೆಣೆ ಇದ್ದ ಕಾಲದಲ್ಲಿ ಒಬ್ಬಳ ಉಗುರೂ ಹೋದದ್ದಿಲ್ಲ. ಸಂಜೆ ಎಲ್ಲರ ಬೆಣೆಯೂ ಒಂದೇ ಪೆಟ್ಟಿಗೆಗೆ ಬೀಳುತ್ತಿತ್ತು. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುವುದು. ಇಂಥ ಪಾಯಿಂಟು ಇಂಥವಳದು ಎಂದೂ ಇರಲಿಲ್ಲ; ಕೈ ಖಾಲಿಯಾದವಳು ಮುಂದಿನದಕ್ಕೆ ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಂಬತ್ತನೇ ಪಾಯಿಂಟಿನಲ್ಲಿ ನಾನು ಕುಕ್ಕರಗಾಲಿನಲ್ಲಿ ಕೂತು ಕೆರೆಯುತ್ತಿದ್ದೆ. ಪಕ್ಕದ ಹಳಿಯಲ್ಲಿ ಒಂದು ಗಾಡಿ ನಿಂತಿತ್ತು. ಕಿಟಕಿಯಿಂದ ಯಾರೋ ಬಾಯಿ ಮುಕ್ಕಳಿಸಿ ಉಗಿದರು. ನೇರ ನನ್ನ ಕುತ್ತಿಗೆಯ ಮೇಲೆ ಬಿತ್ತು. ತಲೆ ಎತ್ತಿದೆ. ಒಳ್ಳೆಯ ಸೀರೆ ಉಟ್ಟ ಹೆಂಗಸು. "ಅಯ್ಯೋ, ಯಾರೋ ಇದ್ರು" ಎಂದಳು. ಪಕ್ಕದಲ್ಲಿದ್ದವರು ನಕ್ಕರು. ಇನ್ನೊಬ್ಬ, "ಅವ್ರಿಗೆ ಅಭ್ಯಾಸ ಬಿಡಿ" ಎಂದ. ನಾನು ಎದ್ದು ನಲ್ಲಿಗೆ ಓಡಿದೆ. ಕುತ್ತಿಗೆ ತೊಳೆದೆ, ತೊಳೆದೇ ತೊಳೆದೆ. ಸಿಟ್ಟಿಗೆ ಕಣ್ಣು ಮಂಜಾಗಿತ್ತು. ಮುಖ ಒರೆಸಿಕೊಂಡು ನೆಟ್ಟಗೆ ಹತ್ತನೇ ಪಾಯಿಂಟಿಗೆ ಹೋದೆ. ಬೆಣೆ ಒಂಬತ್ತರಲ್ಲೇ ಉಳಿಯಿತು.

ಎಕ್ಸ್‌ಪ್ರೆಸ್ ಗಾಡಿ ನಲವತ್ತು ನಿಮಿಷ ನಿಂತಿತು. ಸಂಜೆ ಮೇಸ್ತ್ರಿ ನಮ್ಮ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ, ಆ ಬೆಣೆಯನ್ನು ನಮ್ಮ ಕಾಲ ಬುಡಕ್ಕೆ ಎಸೆದ.

"ಯಾರದ್ದೇ ಇದು? ಯಾರು ಬಿಟ್ಟಿದ್ದು? ಹೇಳಿದ್ರೆ ಅವ್ಳೊಬ್ಳು ಮನೆಗೆ ಹೋಗ್ತಾಳೆ. ಹೇಳ್ದಿದ್ರೆ ಎಲ್ರಿಗೂ ಕಾದಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳಲಿಲ್ಲ. ಗಂಡ ಸತ್ತು ಏಳು ವರ್ಷವಾಗಿತ್ತು. ಮನೆಯಲ್ಲಿ ನಾನು, ನಾದಿನಿ, ಒಂದು ಕೋಣೆ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಕಾಲ ಬುಡದ ಬೆಣೆಯನ್ನೇ ನೋಡುತ್ತ ನಿಂತೆ.

ಮಾರನೆಯ ದಿನ ಪೆಟ್ಟಿಗೆಯ ಬೆಣೆಗಳೆಲ್ಲ ಸಿಬ್ಬಂದಿಯ ನೀರು ಕಾಯಿಸುವ ಒಲೆಗೆ ಹೋದವು. ಇನ್ನು ಯಾರೂ ಬೆಣೆ ಹಾಕಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದರು. ನೆಗಡಿ ಬಂತೆಂದು ಮೂಗನ್ನೇ ಕೊಯ್ದರು. ಮೂಗಾದರೂ ಅವರದಾಗಿದ್ದರೆ ಸರಿ, ಕೊಯ್ದದ್ದು ನಮ್ಮದು. ಬೆಣೆಯ ಬದಲಿಗೆ ಒಬ್ಬೊಬ್ಬರಿಗೂ ಒಂದು ಕೆಂಪು ಬಾವುಟ ಕೊಟ್ಟರು. ಬಾವುಟ ಎತ್ತಿ ಕ್ಯಾಬಿನ್ನಿನ ಕಡೆ ನೋಡಬೇಕು. ಕಿಟಕಿಯಲ್ಲಿ ಅವನು ಕೈ ತೋರಿಸಬೇಕು. ಆಮೇಲೆ ಕೈ ಹಾಕಬೇಕು. ಆರು ತಿಂಗಳಲ್ಲಿ ಒಬ್ಬಳ ಬೆರಳ ತುದಿ ಹೋಯಿತು. ವರ್ಷಕ್ಕೆ ಇನ್ನೊಬ್ಬಳ ಕಿರುಬೆರಳು. ಅವಳು ಕೈ ಎತ್ತಿ ಅಳುವಾಗ ನಾನು ಅವಳ ಕಣ್ಣು ತಪ್ಪಿಸಿ ಓಡಾಡಿದೆ.

ಒಂದೂವರೆ ವರ್ಷಕ್ಕೆ ನನ್ನ ಮನೆಗೇ ಬಂತು.

ನಾನು ಹದಿಮೂರರಲ್ಲಿದ್ದೆ, ನಾದಿನಿ ಹದಿನಾಲ್ಕರಲ್ಲಿ. ನಡುವೆ ಮೂವತ್ತು ಹೆಜ್ಜೆ. ಅವಳು ಬಾವುಟ ಎತ್ತಿದ್ದನ್ನು ನಾನು ನೋಡಿದೆ. ಕಿಟಕಿಯಲ್ಲಿ ಕೈ ಬಂದದ್ದನ್ನೂ ನೋಡಿದೆ. ಆಮೇಲೆ ಕ್ಯಾಬಿನ್ನಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಇಬ್ಬರಿರಬೇಕಾದ ಕಡೆ ಅವನೊಬ್ಬನೇ ಇದ್ದ. ಫೋನಿಗೆ ಹೋದ, ಮಾತಾಡಿದ, ಬಂದ, ಮರೆತ, ಎಳೆದ. ನಾದಿನಿ ಕೂಗಲಿಲ್ಲ. "ಅತ್ತಿಗೆ" ಎಂದು ಮೆಲ್ಲಗೆ ಕರೆದಳು, ಏನೋ ಕೇಳುವುದಿದೆ ಅನ್ನುವ ಹಾಗೆ. ನಾನು ಹೋಗಿ ಅವಳ ಬಾವುಟವನ್ನೇ ಅವಳ ಕೈಗೆ ಸುತ್ತಿದೆ. ಕೆಂಪು ಬಟ್ಟೆ. ರಕ್ತ ಎಲ್ಲಿಯವರೆಗೆ ಬಂತು ಎಂದು ಕಾಣಲಿಲ್ಲ. ಒದ್ದೆಯಾದದ್ದು ಕೈಗೆ ಗೊತ್ತಾಯಿತು.

ಕ್ಯಾಬಿನ್ನಿನವನು ಮೆಟ್ಟಿಲಲ್ಲಿ ಕೂತು ತಲೆ ಚಚ್ಚಿಕೊಂಡು ಅತ್ತ. ಮೂರು ದಿನ ಬಿಟ್ಟು, "ಬಾವುಟ ಕಾಣಲಿಲ್ಲ" ಎಂದು ಬರೆದುಕೊಟ್ಟ. ಅವನಿಗೂ ಮಕ್ಕಳಿವೆ. ಮನೆಯಲ್ಲಿ ನಾನು ಅವನ ವಂಶಕ್ಕೆಲ್ಲ ಶಾಪ ಹಾಕಿದೆ. ನಾನು ಮರೆತೆ, ಅವನೂ ಮರೆತ. ನಮ್ಮಿಬ್ಬರ ಮರೆವಿನ ನಡುವೆ ಅವಳ ಕೈ ಸಿಕ್ಕಿಕೊಂಡಿತು.

ಆಮೇಲೆ ನಾದಿನಿ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು. ಬೆಳಿಗ್ಗೆ ಎದ್ದು ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂರುತ್ತಿದ್ದಳು. ಒಂದು ಕೈಯಲ್ಲಿ ಜಡೆ ಆಗುವುದಿಲ್ಲ. ನಾನು ಹೆಣೆಯುತ್ತಿದ್ದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಮೊದಲೆಲ್ಲ ಈ ಕೋಣೆಯಲ್ಲಿ ನಮ್ಮ ನಗು ಕೇಳಿ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಈಗ ಪಕ್ಕದ ಮನೆಯವರ ನಗು ನಮಗೆ ಕೇಳುತ್ತಿತ್ತು.

ನಾನು ಯೋಚನೆ ಮಾಡತೊಡಗಿದೆ. ಮನುಷ್ಯ ಅಂದಮೇಲೆ ಮರೆಯುತ್ತಾನೆ. ಅಡುಗೆಯವಳು ಉಪ್ಪು ಮರೆಯುತ್ತಾಳೆ, ಸಾರು ಸಪ್ಪೆಯಾಗುತ್ತದೆ, ಅಷ್ಟೆ. ಮರೆತದ್ದಕ್ಕೆ ಬೆರಳು ಕೇಳುವ ಸಾಮಾನು ಇದೆಯಲ್ಲ, ಅದನ್ನು ಮಾಡಿದ ರೀತಿಯೇ ತಪ್ಪು. ಗ್ರೀಸ್ ಯಾಕೆ ಬೇಕು? ನಾಲಿಗೆ ತಟ್ಟೆಗೆ ಉಜ್ಜಿಕೊಂಡು ಸರಿಯುತ್ತದೆ, ಅದಕ್ಕೆ. ಉಜ್ಜಿಕೊಳ್ಳದೆ ಸರಿದರೆ? ಗೂಡ್ಸ್ ಶೆಡ್ಡಿನಲ್ಲಿ ಹಮಾಲರು ಆಳೆತ್ತರದ ಪೆಟ್ಟಿಗೆಯನ್ನು ತಳ್ಳುವುದನ್ನು ದಿನಾ ನೋಡುತ್ತಿದ್ದೆ. ಕೆಳಗೆ ಎರಡು ಕಬ್ಬಿಣದ ಪೈಪು ಇಟ್ಟು, ಒಬ್ಬನೇ ಬೀಡಿ ಸೇದುತ್ತ ಉರುಳಿಸಿಕೊಂಡು ಹೋಗುತ್ತಾನೆ. ಅಷ್ಟು ದಿನ ಕಣ್ಣಿಗೆ ಬಿದ್ದದ್ದು ಅವತ್ತು ತಲೆಗೆ ಹತ್ತಿತು.

ರಿಪೇರಿ ಶೆಡ್ಡಿನಲ್ಲಿ ಒಬ್ಬ ಮುದುಕ ಕಮ್ಮಾರನಿದ್ದ. ಎಲ್ಲರೂ ಅವನನ್ನು ಕುಲುಮೆ ತಾತ ಅನ್ನುತ್ತಿದ್ದರು. ಕಿವಿ ಅರ್ಧ ಕೇಳದು. ನನ್ನ ನಾತಕ್ಕೆ ಮೂಗು ಮುಚ್ಚದವನು ಅವನೊಬ್ಬನೇ. ಅವನ ಮುಂದೆ ನೆಲದ ಮೇಲೆ ಇದ್ದಿಲಿನಲ್ಲಿ ಗೀಚಿ ತೋರಿಸಿದೆ.

"ಇಲ್ಲಿ ಎರಡು ಉರುಳೆ ಇಟ್ರೆ ಹೆಂಗೆ ತಾತ? ನಾಲಿಗೆ ಅದರ ಮೇಲೆ ಹತ್ತಿ ಸರಿಯುತ್ತೆ. ಗ್ರೀಸೇ ಬೇಡ. ತಟ್ಟೇನ ಓರೆ ಮಾಡಿ ತೂತು ಬಿಟ್ರೆ ಕಲ್ಲು ತಾನೇ ಕೆಳಕ್ಕೆ ಬೀಳುತ್ತೆ. ಕೈ ಹಾಕೋ ಕೆಲಸಾನೇ ಇಲ್ಲ."

ಅವನು ಬಗ್ಗಿ ಇದ್ದಿಲ ಗೆರೆಯ ಮೇಲೆ ಬೆರಳಾಡಿಸಿದ. "ಇಷ್ಟು ವರ್ಷ ಯಾವ ನನ್ಮಗನಿಗೂ ಹೊಳೀಲಿಲ್ಲವಲ್ಲೇ ಇದು" ಎಂದ. ತಡೆದು, "ನನಗೂ ಹೊಳೀಲಿಲ್ಲ" ಎಂದ.

ಶೆಡ್ಡಿನ ಹಿಂದೆ ಗಾಡಿ ಓಡದ ಒಂದು ಮೊಂಡು ಹಳಿ ಇತ್ತು, ಅಲ್ಲೊಂದು ಹಳೆಯ ಪಾಯಿಂಟು. ರಜೆಯ ದಿನಗಳಲ್ಲಿ ನಾವಿಬ್ಬರೂ ಅಲ್ಲಿ ಕೂತೆವು. ಮೊದಲ ಸಲ ಉರುಳೆ ಎತ್ತರವಾಯಿತು. ನಾಲಿಗೆ ಸಲೀಸಾಗಿ ಸರಿಯಿತು, ಆದರೆ ಹಳಿಗೆ ಕೂರಲಿಲ್ಲ, ಬೆರಳು ಹೋಗುವಷ್ಟು ಸಂದು ಉಳಿಯಿತು. ಎರಡನೇ ಸಲ ತಗ್ಗಾಯಿತು. ಮೂರನೇ ಸಲಕ್ಕೆ ತಾತ ಉರುಳೆಯನ್ನು ಸ್ಪ್ರಿಂಗಿನ ಮೇಲೆ ಕೂರಿಸಿದ. ನಾಲಿಗೆ ಸರಿಯುವಾಗ ಒಂದು ಕಾಗದದಷ್ಟು ಮೇಲೆದ್ದು, ಹಳಿ ಮುಟ್ಟಿದ ಮೇಲೆ ಇಳಿದು ಕೂತಿತು. ನಾಲ್ಕು ಆಳು ಮೀಟಿ ಸರಿಸುವ ನಾಲಿಗೆಯನ್ನು ನಾನೊಬ್ಬಳೇ ಕಾಲಿನಿಂದ ತಳ್ಳಿದೆ. ತಾತ ಚಪ್ಪಾಳೆ ತಟ್ಟಿದ. ನಾನು ಅಲ್ಲೇ ಕೂತು ಅತ್ತೆ. ಎರಡು ವರ್ಷ ಮೊದಲೇ ಹೊಳೆದಿದ್ದರೆ ಏನು ಗಂಟು ಹೋಗುತ್ತಿತ್ತು?

ವಿಷಯ ಚಿಕ್ಕ ಸಾಹೇಬರ ಕಿವಿಗೆ ಬಿತ್ತು. ಇಂಜಿನಿಯರು, ಹೊಸಬರು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವರೇ ಶೆಡ್ಡಿನ ಹಿಂದಕ್ಕೆ ಬಂದರು. ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಮಂಡಿ ಊರಿದರು. ನಾಲಿಗೆಯನ್ನು ಐದಾರು ಸಲ ತಳ್ಳಿ ನೋಡಿದರು.

"ಇದು ನೀವೇ ಮಾಡಿದ್ದಾ?" ಎಂದರು.

ನೀವು! ಹದಿನೆಂಟು ವರ್ಷ ಈ ಹಳಿಗಳ ನಡುವೆ ಕೂತಿದ್ದೇನೆ. ಯಾರೂ ನನ್ನನ್ನು ನೀವು ಅಂದದ್ದಿಲ್ಲ. ಆ ಒಂದು ಮಾತಿಗೆ ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ. ನನಗೆ ತಿಳಿದದ್ದನ್ನೆಲ್ಲ ಅವರ ಮುಂದೆ ಸುರಿದೆ. ಅವರು ಬರೆದುಕೊಂಡರು, ಅಳತೆ ಹಿಡಿದರು, ನಕ್ಷೆ ಮಾಡಿದರು.

ತಿಂಗಳು ಕಳೆದು ದೊಡ್ಡ ಸಾಹೇಬರು ನೋಡಲು ಬಂದರು. ಜೊತೆಗೆ ಏಳೆಂಟು ಜನ, ಒಬ್ಬ ಫೋಟೋದವನು. ನಾನು ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ತೆಗೆದಿಟ್ಟಿದ್ದೆ. ಮೇಸ್ತ್ರಿ ದೂರದಿಂದಲೇ ಕೈ ಬೀಸಿದ.

"ಏಯ್ ಗ್ರೀಸಮ್ಮ, ಅಲ್ಲೇ ನಿಲ್ಲು. ಗಾಳಿ ಆ ಕಡೆಯಿಂದ ಬೀಸ್ತಿದೆ."

ಗಾಳಿ ಬೀಸದ ಕಡೆ ಹುಡುಕಿ ನಿಂತೆ. ದೊಡ್ಡ ಸಾಹೇಬರು ಬೂಟಿನ ತುದಿಯಿಂದ ನಾಲಿಗೆ ತಳ್ಳಿದರು. "ವಾಹ್! ಯಾರ ಐಡಿಯಾ ಇದು?" ಎಂದರು. ಚಿಕ್ಕ ಸಾಹೇಬರು ಒಂದು ಕ್ಷಣ ನನ್ನ ಕಡೆ ನೋಡಿದರು. ನೋಡಿದ್ದು ಸುಳ್ಳಲ್ಲ. ಆಮೇಲೆ, "ನಮ್ಮ ವಿಭಾಗದ್ದು ಸರ್" ಎಂದರು. ಫೋಟೋ ತೆಗೆದರು. ಕುಲುಮೆ ತಾತನನ್ನೂ ಪಕ್ಕಕ್ಕೆ ಸರಿಸಿದರು. ಹೋಗಲಿ, ಹೆಸರು ಯಾರಿಗೆ ಬೇಕು, ಮೂವತ್ತೆರಡು ಪಾಯಿಂಟಿಗೂ ಉರುಳೆ ಬರಲಿ ಎಂದು ನಾನು ಸುಮ್ಮನಾದೆ. ಇಷ್ಟು ಹೇಳಿದ್ದು ದೊಡ್ಡವಳು ಅನ್ನಿಸಿಕೊಳ್ಳಲು ಅಲ್ಲ. ಅವತ್ತು ಮನೆಗೆ ಬಂದು ಆ ಸೀರೆಯನ್ನು ಬಿಸಾಡಿದೆ.

ವಾರದ ಮೇಲೆ ಚಿಕ್ಕ ಸಾಹೇಬರು ಆಫೀಸಿಗೆ ಕರೆಸಿದರು. ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ, ಅವರು ಒತ್ತಾಯ ಮಾಡಲಿಲ್ಲ. ಒಂದು ಕಾಗದ ಮುಂದಿಟ್ಟರು.

"ಹೊಸ ಪಾಯಿಂಟಿನ ಫೈಲು ಮೇಲೆ ಹೋಗ್ಬೇಕು. ಅದಕ್ಕೆ ಮುಂಚೆ ಹಳೇ ಅಪಘಾತದ ಫೈಲು ಮುಚ್ಚಬೇಕು. ಸಾಕ್ಷಿ ಅಂತ ಇರೋದು ನೀವೊಬ್ರೇ. ಒಂದು ಸಹಿ ಅಷ್ಟೆ."

ನಾನು ನಾಲ್ಕನೇ ಕ್ಲಾಸು ಓದಿದ್ದೇನೆ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅವರು ಪೆನ್ನು ಹಿಡಿದು ಕಾದರು. "ಸದರಿ ಕೆಲಸದಾಕೆ ಬಾವುಟ ತೋರಿಸದೆ, ಅನುಮತಿ ಇಲ್ಲದೆ, ತನ್ನ ಸ್ವಂತ ಅಜಾಗರೂಕತೆಯಿಂದ ಕೈ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ."

"ಅವಳು ಬಾವುಟ ಎತ್ತಿದ್ಲು ಸಾರ್. ಕಿಟಕಿಯಿಂದ ಕೈಯೂ ಬಂತು."

"ಇರಬಹುದು." ಅವರ ದನಿ ಮೆತ್ತಗಿತ್ತು. "ಆದ್ರೆ ಹಾಗೆ ಬರೆದ್ರೆ ಏನಾಗುತ್ತೆ ಗೊತ್ತಾ? ಹಳೇ ಪಾಯಿಂಟು ಅಪಾಯದ್ದು ಅಂತ ಇಲಾಖೆ ಒಪ್ಪಿಕೊಂಡ ಹಾಗಾಗುತ್ತೆ. ಬೆಣೆ ಯಾಕೆ ತೆಗೆಸಿದ್ರಿ ಅಂತ ಕೇಳ್ತಾರೆ. ಮೇಲಿನವರು ಹೆದರಿ ಎರಡೂ ಫೈಲನ್ನ ಕಪಾಟಿಗೆ ಹಾಕ್ತಾರೆ. ನಿಮ್ಮ ಉರುಳೇನೂ ಹೋಯ್ತು. ಸಹಿ ಹಾಕಿದ್ರೆ ಮಳೆಗಾಲಕ್ಕೆ ಮುಂಚೆ ಮೂವತ್ತೆರಡಕ್ಕೂ ಹಾಕಿಸ್ತೀನಿ, ನನ್ನ ಮಾತು. ಹೋದ ಬೆರಳು ಬರಲ್ಲಮ್ಮ. ಇರೋ ಬೆರಳು ಉಳಿಸಿ."

ಅತ್ತ ದರಿ, ಇತ್ತ ಪುಲಿ. "ನಾಡಿದ್ದು ಹೇಳ್ತೀನಿ" ಎಂದು ಬಂದೆ.

ಮಾರನೆಯ ದಿನ ರಜೆ. ಬೆಳಿಗ್ಗೆ ನಾದಿನಿ ಜಡೆಗೆ ಬಂದು ಕೂತಳು. ಅವಳ ಕೂದಲು ನನ್ನ ಕೈಯಲ್ಲಿತ್ತು, ಮುಖ ಕಾಣುತ್ತಿರಲಿಲ್ಲ. ಅದರಿಂದಲೇ ಧೈರ್ಯ ಬಂತೋ ಏನೋ. ಕಾಗದದ ವಿಷಯ ಹೇಳಿದೆ. ಆಮೇಲೆ ಒಂಬತ್ತನೇ ಪಾಯಿಂಟಿನ ವಿಷಯವನ್ನೂ ಹೇಳಿಬಿಟ್ಟೆ.

"ಅವತ್ತು ಮರೆತ ಬೆಣೆ ನಂದು ಕಣೇ."

ಅವಳು ಕೂದಲನ್ನು ನನ್ನ ಕೈಯಿಂದ ಎಳೆದುಕೊಂಡು ತಿರುಗಿದಳು.

"ಎರಡು ವರ್ಷದಿಂದ?"

"ಹೂಂ."

"ನಾನು ಬೆರಳಿಲ್ಲದೆ ಅಳ್ತಿದ್ದಾಗ ಪಕ್ಕದಲ್ಲಿ ಕೂತು ಕ್ಯಾಬಿನ್ನಿನವನಿಗೆ ಶಾಪ ಹಾಕಿದ್ಯಲ್ಲ ಅತ್ತಿಗೆ, ಹೆಂಗೆ ಬಂತು ಬಾಯಿ?"

ಅವಳು ಮೊಂಡು ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ನೋಡು. ಸರಿಯಾಗಿ ನೋಡು. ಇಷ್ಟು ದಿನ ನೀನು ಕಣ್ಣು ತಪ್ಪಿಸ್ತಿದ್ದೆ, ನಾನು ಅಸಹ್ಯಕ್ಕೇನೋ ಅಂದ್ಕೊಂಡಿದ್ದೆ."

"ತಪ್ಪಾಯ್ತು ಕಣೇ."

"ತಪ್ಪಾಯ್ತು ಅಂದ್ರೆ ಜಡೆ ಹಾಕ್ಕೊಳಕ್ಕೆ ಬರುತ್ತಾ?"

"ಕಾಗದಕ್ಕೆ ಏನ್ ಮಾಡ್ಲಿ? ಸಹಿ ಹಾಕಿದ್ರೆ ಮಿಕ್ಕವರ ಕೈ ಉಳಿಯುತ್ತೆ. ನೀನು ಹಾಕು ಅಂದ್ರೆ..."

"ನನ್ನ ಕೇಳ್ಬೇಡ." ಅವಳು ಎದ್ದು ನಿಂತಳು. "ನನ್ನ ಕೇಳಿ ಬಾಯಿ ಮುಚ್ಕೊಂಡ್ಯಾ ಅವತ್ತು? ಇದನ್ನೂ ನೀನೇ ಹೊತ್ಕೋ."

ಮಧ್ಯಾಹ್ನ ನಾನು ನೀರು ತಂದು ಬರುವಷ್ಟರಲ್ಲಿ ಅವಳು ಎಡಗೈಯಲ್ಲಿ ಕತ್ತರಿ ಹಿಡಿದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಳು. ಒಂದು ಕಡೆ ಕಿವಿಯ ಮೇಲಕ್ಕೆ, ಒಂದು ಕಡೆ ಭುಜದವರೆಗೆ. ಇನ್ನು ಜಡೆಗೆ ನನ್ನ ಕೈ ಬೇಕಿರಲಿಲ್ಲ. ಕೂದಲನ್ನು ನಾನು ಗುಡಿಸಿದೆ.

ಮರುದಿನ ಆಫೀಸಿಗೆ ಹೋದೆ. ರಾತ್ರಿಯೆಲ್ಲ ಯೋಚನೆ ಮಾಡಿದ್ದೆ. ಮಿಕ್ಕ ಎಂಟು ಜನರ ಕೈ ಒಂದೊಂದಾಗಿ ಕಣ್ಣ ಮುಂದೆ ಬಂದಿದ್ದವು. ಸಹಿ ಹಾಕೋಣ ಎಂದೇ ಮೆಟ್ಟಿಲು ಹತ್ತಿದೆ, ಇದೂ ನಿಜ. ಪೆನ್ನು ಕೈಗೆ ತೆಗೆದುಕೊಂಡೆ. "ತನ್ನ ಸ್ವಂತ ಅಜಾಗರೂಕತೆಯಿಂದ" ಎಂಬಲ್ಲಿಗೆ ಕಣ್ಣು ಹೋಯಿತು. ಬಾವುಟ ಹಿಡಿದು ಕಿಟಕಿಯಲ್ಲಿ ಕೈ ಬರುವವರೆಗೆ ಕಾದು ನಿಂತವಳು ಅವಳು. ಮರೆತವರು ನಾವಿಬ್ಬರು. ಒಮ್ಮೆ ಬಾಯಿ ಮುಚ್ಚಿ ಅವಳ ಬೆರಳು ಕಳೆದೆ. ಈಗ ಬರೆದುಕೊಟ್ಟು ಅವಳ ಮಾನವನ್ನೂ ಕಳೆಯಲೇ?

ಕಾಗದ ತಿರುಗಿಸಿದೆ. ಹಿಂದೆ ಖಾಲಿ ಇತ್ತು. ನಿಂತೇ ಬರೆದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. "ಅವಳು ಬಾವುಟ ಎತ್ತಿದಳು. ಕ್ಯಾಬಿನ್ನಿನಿಂದ ಕೈ ಬಂತು. ನಾನು ನೋಡಿದೆ. ಎರಡು ವರ್ಷದ ಹಿಂದೆ ಒಂಬತ್ತರಲ್ಲಿ ಬೆಣೆ ಬಿಟ್ಟವಳು ನಾನು. ಒಬ್ಬಳು ಬಿಟ್ಟಳು ಎಂದು ಎಲ್ಲರ ಬೆಣೆ ಸುಟ್ಟದ್ದು ನೀವು." ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ.

ಚಿಕ್ಕ ಸಾಹೇಬರು ಓದಿದರು. ಕಿವಿ ಕೆಂಪಾಯಿತು.

"ನಿನಗೆ ತಲೆ ಕೆಟ್ಟಿದೆಯಾ?" ಎಂದರು. ನೀವು ಅಲ್ಲಿಗೆ ಮುಗಿಯಿತು. "ಇದನ್ನ ನಾನು ತಗೊಳ್ಳೋ ಹಾಗಿಲ್ಲ. ನಿನ್ನ ಕೆಲಸ ನೀನೇ ಕಳ್ಕೊಂಡೆ. ಆ ಉರುಳೇನೂ ನೀನೇ ಕೊಂದೆ."

"ನಾನು ಕೊಂದಿಲ್ಲ ಸಾರ್. ಅದು ಶೆಡ್ಡಿನ ಹಿಂದೆ ಇನ್ನೂ ಸರಿದಾಡ್ತಿದೆ. ನಿಮಗೆ ಬೇಕು ಅಂದ್ರೆ ಸುಳ್ಳಿಲ್ಲದೇನೂ ಹಾಕಿಸಬಹುದು."

ಅವರು ಮೇಸ್ತ್ರಿಯನ್ನು ಕರೆದರು. ಈ ತಿಂಗಳು ಮುಗಿದ ಮೇಲೆ ನಾನು ಬರಬೇಕಿಲ್ಲ ಎಂದು ಮೇಸ್ತ್ರಿ ಹೇಳಿದ. ಆರು ದಿನ ಉಳಿದಿದ್ದವು.

ಸಂಜೆ ಶೆಡ್ಡಿನ ಹಿಂದೆ ಹೋದೆ. ಉರುಳೆ ಬಿಚ್ಚಿ ಹಾಕಿದ್ದರು. ಬಿಚ್ಚಿದವನು ಕುಲುಮೆ ತಾತನೇ. "ಆರ್ಡರ್ ಬಂತು ಮಗಳೇ" ಎಂದ. ನನ್ನ ಮುಖ ನೋಡಲಿಲ್ಲ.

ಸಾಲಿನ ಹೆಂಗಸರಿಗೆ ಅಷ್ಟರಲ್ಲಿ ಸುದ್ದಿ ಹೋಗಿತ್ತು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ತೆಗೆದು ಪಕ್ಕಕ್ಕೆ ಇಟ್ಟರು. ಬೆರಳ ತುದಿ ಹೋದವಳು ನನ್ನ ಮುಂದೆ ಬಂದು ನಿಂತಳು.

"ನಿನ್ನ ಬೆಣೆಯಿಂದ ನಮ್ಮ ಬೆಣೆ ಹೋಯ್ತು. ನಿನ್ನ ಒಂದು ಸಹಿ ಬಿದ್ದಿದ್ರೆ ನಮ್ಮ ಕೈ ಉಳೀತಿತ್ತು. ಅದನ್ನೂ ಹಾಕ್ಲಿಲ್ಲ. ಸತ್ಯ ಹೇಳೋ ಚಪಲ ನಿನಗೆ ಈಗ ಹುಟ್ತಾ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅಂದಿನಿಂದ ಐದು ದಿನ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಕೆಲಸಕ್ಕೆ ಹೋಗುವಾಗ ಅವರು ಮುಂದೆ, ನಾನು ಹಿಂದೆ. ಊಟಕ್ಕೆ ಕೂತಾಗ ಅವರು ಬೇವಿನ ನೆರಳಲ್ಲಿ, ನಾನು ಜಲ್ಲಿಯ ಗುಡ್ಡೆಯ ಮೇಲೆ. ಮೇಸ್ತ್ರಿ ಗ್ರೀಸಮ್ಮ ಎಂದು ಕರೆದರೂ ನನಗೆ ಹಿತವಾಗುತ್ತಿತ್ತು, ಮನುಷ್ಯರ ದನಿ ಕೇಳಿತಲ್ಲ ಎಂದು. ಮನೆಯಲ್ಲಿ ನಾದಿನಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಒಂದೇ ಒಂದು ಸಲ ಕೇಳಿದಳು.

"ಯಾಕೆ ಹಾಕ್ಲಿಲ್ಲ ಸಹಿ?"

"ನೀನು ಬಾವುಟ ಎತ್ತಿದ್ದನ್ನ ನೋಡಿದೀನಿ."

"ಅದೊಂದಾದ್ರೂ ನೋಡಿದ್ಯಲ್ಲ" ಎಂದಳು. ಅಷ್ಟೆ.

ಐದನೇ ದಿನದ ಸಂಜೆ ನಾನು ಪಕ್ಕದ ಬೀದಿಯ ಬಡಗಿಯಿಂದ ಗರಗಸ ಕೇಳಿ ತಂದೆ. ನನ್ನ ಮಂಚವನ್ನು ಮಗುಚಿದೆ. ಗಂಡ ಮಾಡಿಸಿದ ಮಂಚ, ಗಟ್ಟಿ ಮರದ ಕಾಲು. ಕಾಲಿಗೆ ಗರಗಸ ಇಟ್ಟೆ. ಎರಡು ಸಲ ಎಳೆದಿದ್ದೆನೋ ಇಲ್ಲವೋ, ಗೋಡೆಯ ಕಡೆಯಿಂದ ದನಿ ಬಂತು.

"ಸಣ್ಣದಾಯ್ತು. ಇನ್ನೊಂದು ಬೆರಳು ಜಾಸ್ತಿ ಬಿಟ್ಟು ಕೊಯ್ಯಿ."

ಅವಳು ತಿರುಗಿರಲಿಲ್ಲ. ಸದ್ದಿನಲ್ಲೇ ಅಳತೆ ಹಿಡಿದಿದ್ದಳು. ನಾನು ಬಿಟ್ಟು ಕೊಯ್ದೆ. ಮಂಚ ಕುಂಟಾಯಿತು, ಕೆಳಗೆ ಎರಡು ಇಟ್ಟಿಗೆ ಕೊಟ್ಟೆ. ಬೆಳಿಗ್ಗೆ ಎದ್ದಾಗ ಬೆಣೆಯ ಪಕ್ಕದಲ್ಲಿ ಏನೋ ಮಡಚಿ ಇಟ್ಟಿತ್ತು. ಅವಳ ಬಾವುಟ. ಒಗೆದು ಒಣಗಿಸಿದ್ದು. ಅವಳು ಮಲಗಿದ್ದಳು, ಅಥವಾ ಮಲಗಿದ ಹಾಗಿದ್ದಳು.

ಕೊನೆಯ ದಿನ ಹತ್ತು ಗಂಟೆಗೆ ಹದಿನಾಲ್ಕನೇ ಪಾಯಿಂಟಿಗೆ ಹೋದೆ. ಬೆಣೆಗೆ ಬಾವುಟ ಕಟ್ಟಿದೆ. ಮರೆಯುವ ಮಾತೇ ಇಲ್ಲ, ಅಷ್ಟು ದೂರಕ್ಕೂ ಕಾಣುತ್ತದೆ. ನಾಲಿಗೆಗೂ ಹಳಿಗೂ ನಡುವೆ ಬೆಣೆ ಕೊಟ್ಟು ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದೆ. ಕುಕ್ಕರಗಾಲಿನಲ್ಲಿ ಕೂತು ಕೆರೆಯತೊಡಗಿದೆ.

ಹತ್ತೂಕಾಲಿನ ಗಾಡಿಗೆ ಕ್ಯಾಬಿನ್ನಿನವನು ಲಿವರ್ ಎಳೆದ. ನಾಲಿಗೆ ಬೆಣೆಗೆ ಬಡಿದು ನಿಂತಿತು. ಇನ್ನೊಮ್ಮೆ ಎಳೆದ. ನಿಂತಿತು. ಸಿಗ್ನಲ್ ಬೀಳಲಿಲ್ಲ. ಅವನು ಕಿಟಕಿಯಿಂದ ಕೂಗಿದ್ದು ಕಿವಿಗೆ ಬಿತ್ತು. ದೂರದಲ್ಲಿ ಗಾಡಿ ನಿಂತು ಕೂಗಿತು. ಮೇಸ್ತ್ರಿ ಓಡಿ ಬಂದ. ಹತ್ತು ಹೆಜ್ಜೆಯ ಲೆಕ್ಕ ಮರೆತು ನನ್ನ ಪಕ್ಕಕ್ಕೇ ಬಂದ.

"ಏಯ್, ತೆಗಿಯೇ ಅದನ್ನ! ಮತ್ತೆ ಮರೆತ್ಯಾ?"

"ಮರೆತಿಲ್ಲ. ಇವತ್ತು ಬೇಕಂತಲೇ ಹಾಕಿದೀನಿ."

ಚಿಕ್ಕ ಸಾಹೇಬರೂ ಬಂದರು, ಏದುಸಿರು ಬಿಡುತ್ತ. "ಗಾಡಿ ನಿಂತಿದೆ. ಸಾವಿರ ಜನ ಇದ್ದಾರೆ ಅದರಲ್ಲಿ. ಏನು ಬೇಕು ನಿನಗೆ?"

"ಕೈ ಒಳಗಿದೆ ಸಾರ್. ಕೆಲಸ ಮುಗಿದ ಮೇಲೆ ತೆಗೀತೀನಿ. ಬೆಣೆ ಬೇಡ ಅಂದ್ರೆ ಉರುಳೆ ಹಾಕಿಸಿ. ಉರುಳೆ ಬೇಡ ಅಂದ್ರೆ ಬೆಣೆ ಇರುತ್ತೆ. ಎರಡೂ ಬೇಡ ಅಂದ್ರೆ ಬನ್ನಿ, ಪಕ್ಕದಲ್ಲಿ ಕೂತ್ಕೊಂಡು ನೀವೂ ಒಂದು ಕೈ ಹಾಕಿ."

ಅವರು ಕೂರಲಿಲ್ಲ. ಪೊಲೀಸರನ್ನು ಕರೆಯಿರಿ ಎಂದು ಯಾರಿಗೋ ಕೂಗಿದರು. ದಿಬ್ಬದ ಮೇಲೆ ಸಾಲಿನ ಹೆಂಗಸರು ನಿಂತು ನೋಡುತ್ತಿದ್ದರು. ಯಾರೂ ಇಳಿದು ಬರಲಿಲ್ಲ. ನಾನು ಕರೆಯಲೂ ಇಲ್ಲ. ಗಾಡಿ ಕೂಗುತ್ತಲೇ ಇತ್ತು. ನಾನು ಒಳಮೂಲೆಗೆ ಕೈ ಹಾಕಿ, ಗಟ್ಟಿಯಾದ ಹಳೆಯ ಗ್ರೀಸನ್ನು ಉಗುರಿನಿಂದ ಎಬ್ಬಿಸಿದೆ, ಒಂದೊಂದೇ ಕಲ್ಲು ಹೆಕ್ಕಿ ತೆಗೆದೆ, ತಟ್ಟೆ ಒರೆಸಿದೆ. ಅವಸರ ಮಾಡಲಿಲ್ಲ. ಬೆಣೆ ಸುಟ್ಟ ದಿನದಿಂದ ಇಲ್ಲಿಯವರೆಗೆ, ಕ್ಯಾಬಿನ್ನಿನ ಕಡೆ ಒಮ್ಮೆಯೂ ತಿರುಗಿ ನೋಡದೆ ನಾನು ಒಂದು ಪಾಯಿಂಟನ್ನು ತೊಳೆದದ್ದು ಅವತ್ತೇ.